ಒಂಬತ್ತನೆಯ ಪಾಲು

ಅಂಕಗಣಿತದ ಸರಾಸರಿಯಷ್ಟು ಬಡಪಾಯಿ ಪಾಠ ಗಣಿತದಲ್ಲೇ ಇಲ್ಲ ಎಂದು ನಾನು ಬಹಳ ವರ್ಷ ನಂಬಿದ್ದೆ. ಇದ್ದ ಸಂಖ್ಯೆಗಳನ್ನೆಲ್ಲ ಕೂಡಿಸು, ಎಷ್ಟು ಸಂಖ್ಯೆಗಳಿವೆಯೋ ಅಷ್ಟರಿಂದ ಭಾಗಿಸು, ಮುಗಿಯಿತು. ಬೀಜಗಣಿತಕ್ಕೆ ಹೆದರಿ ಜ್ವರ ಬರಿಸಿಕೊಳ್ಳುವ ಮಕ್ಕಳೂ ಇದನ್ನು ಮಾಡಿ ಎದೆಯುಬ್ಬಿಸಿ ಕೂರುತ್ತಾರೆ. ಹಾಗಾಗಿ ಒಂಬತ್ತನೇ ತರಗತಿಗೆ ಸಂಖ್ಯಾಶಾಸ್ತ್ರದ ಅಧ್ಯಾಯ ಬಂತೆಂದರೆ ನನಗೂ ಒಂದು ಬಗೆಯ ರಜೆಯೇ.

ನಾನು ಭಟ್ಕಳದ ಮುಟ್ಟಳ್ಳಿಯವಳು. ಗದ್ದೆ, ತೆಂಗು, ನಾಲ್ಕು ಸಾಲು ಮಲ್ಲಿಗೆ ಇದ್ದ ಮನೆ. ಕೆಲಸ ಸಿಕ್ಕಿದ್ದು ಹೊನ್ನಾವರ ತಾಲೂಕಿನಲ್ಲಿ, ಕರ್ಕಿಯಿಂದ ಸ್ವಲ್ಪ ಆಚೆ ಇರುವ ಒಂದು ಸರಕಾರಿ ಪ್ರೌಢಶಾಲೆಯಲ್ಲಿ. ತರಗತಿಯ ಅರ್ಧದಷ್ಟು ಮಕ್ಕಳು ಗದ್ದೆ ಕಡೆಯಿಂದ ಬರುತ್ತಾರೆ, ಇನ್ನರ್ಧ ಕಡಲ ಕಡೆಯಿಂದ. ನನಗೆ ಸಿಟ್ಟು ಬೇಗ. ಮಕ್ಕಳು ನನಗೆ ಸೂಜಿಮೆಣಸು ಎಂದು ಹೆಸರಿಟ್ಟಿದ್ದಾರೆ ಅನ್ನುವುದು ನನಗೆ ಗೊತ್ತು. ನನಗೆ ಗೊತ್ತಿದೆ ಅನ್ನುವುದು ಅವರಿಗೂ ಗೊತ್ತು. ಮೀನು ತಿಂದೇ ಬೆಳೆದವಳಾದರೂ ಮೀನು ಹಿಡಿಯುವವರು ಅದನ್ನು ದಡದಲ್ಲಿ ಹೇಗೆ ಹಂಚಿಕೊಳ್ಳುತ್ತಾರೆ ಎಂದು ನಾನು ಯಾವತ್ತೂ ಕೇಳಿರಲಿಲ್ಲ. ಮೀನು ನಮ್ಮ ಮನೆಯ ಬಾಗಿಲಿಗೆ ಬುಟ್ಟಿಯಲ್ಲಿ ಬರುತ್ತಿತ್ತು, ಅಮ್ಮ ಚೌಕಾಶಿ ಮಾಡಿ ತೆಗೆದುಕೊಳ್ಳುತ್ತಿದ್ದಳು, ಅಷ್ಟೇ.

ಆ ವರ್ಷ ಕುಮಟಾದಲ್ಲಿ ನಮಗೊಂದು ತರಬೇತಿ ನಡೆದಿತ್ತು. ಪುಸ್ತಕದಲ್ಲಿರುವ ಕ್ರಿಕೆಟ್ ರನ್ನುಗಳನ್ನೇ ಎಷ್ಟು ವರ್ಷ ಭಾಗಿಸುತ್ತೀರಿ, ಮಕ್ಕಳಿಂದಲೇ ಅವರ ಮನೆಯ ಅಂಕಿಅಂಶ ತರಿಸಿ ಎಂದಿದ್ದರು. ಸರಿ, ತರಿಸಿದೆ. ಒಬ್ಬ ತನ್ನ ಮನೆಯ ಕೋಳಿ ವಾರದಲ್ಲಿ ಇಟ್ಟ ಮೊಟ್ಟೆಗಳನ್ನು ಬರೆದುಕೊಂಡು ಬಂದ, ಮೊಟ್ಟೆ ಇಡದ ದಿನಗಳನ್ನು ಬಿಟ್ಟುಬಿಟ್ಟಿದ್ದ. ಸೊನ್ನೆಯನ್ನೂ ಲೆಕ್ಕಕ್ಕೆ ಹಿಡಿಯಬೇಕಲ್ಲವೇನೋ ಎಂದರೆ, "ಅವತ್ತು ಕೋಳಿಗೆ ರಜೆ ಟೀಚರ್" ಎಂದ. ಇನ್ನೊಬ್ಬಳು ಬೆಳಗಿನ ಬಸ್ಸು ದಿನಾ ಎಷ್ಟು ನಿಮಿಷ ತಡವಾಗುತ್ತದೆ ಎಂದು ಬರೆದಿದ್ದಳು. ಅದರ ಸರಾಸರಿ ನೋಡಿದ ಮೇಲೆ ತಡವಾಗಿ ಬಂದವರನ್ನು ಬಯ್ಯುವ ನೈತಿಕ ಹಕ್ಕು ನನಗೆ ಉಳಿಯಲಿಲ್ಲ.

ಕಿಟಕಿ ಪಕ್ಕದಲ್ಲಿ ಕೂರುವ ಒಬ್ಬ ಹುಡುಗಿ ಬಂಗಡೆ ಮೀನಿನ ಲೆಕ್ಕ ತಂದಿದ್ದಳು. ಮಾತು ಕಡಿಮೆ, ಅಕ್ಷರ ದುಂಡು, ಗಣಿತದಲ್ಲಿ ತಕ್ಕಮಟ್ಟಿಗೆ ಚುರುಕು. ಅವಳ ಅಪ್ಪ ನಾಡದೋಣಿಯಲ್ಲಿ ಮೀನಿಗೆ ಹೋಗುವವನು, ಅಮ್ಮ ಮೀನು ಬುಟ್ಟಿ ಹೊತ್ತು ಹೊನ್ನಾವರದ ಕೇರಿಗಳಲ್ಲಿ ಮಾರುವವಳು. ಹುಡುಗಿ ಬರೆದದ್ದು ಇಷ್ಟು: ದೋಣಿಯಲ್ಲಿ ಹೋದವರು ಆರು ಜನ. ಸಿಕ್ಕ ಬಂಗಡೆ ಎಪ್ಪತ್ತೆರಡು. ಸರಾಸರಿ, ಎಪ್ಪತ್ತೆರಡನ್ನು ಒಂಬತ್ತರಿಂದ ಭಾಗಿಸಿದರೆ ಎಂಟು.

ನಾನು ಕೆಂಪು ಪೆನ್ನಿನಲ್ಲಿ ಒಂಬತ್ತಕ್ಕೆ ಸುತ್ತು ಹಾಕಿದೆ. "ಆರು ಜನ ಅಂತ ನೀನೇ ಬರೆದಿದ್ದೀಯಲ್ಲ, ಒಂಬತ್ತು ಎಲ್ಲಿಂದ ಉದುರಿತು?"

"ಸರೀ ಉಂಟು ಟೀಚರ್."

ನನ್ನ ಎದುರು ಯಾರಾದರೂ ಸರಿಯಿದೆ ಎಂದರೆ ನನಗೆ ಮೂಗಿನ ತುದಿ ಬಿಸಿಯಾಗುತ್ತದೆ. ಬೋರ್ಡಿಗೆ ಕರೆದೆ. ಎಲ್ಲರಿಗೂ ಅರ್ಥವಾಗುವ ಹಾಗೆ ಹೇಳು ಎಂದೆ. ಅವಳು ಸೀಮೆಸುಣ್ಣದಿಂದ ಸಾಲಾಗಿ ಸಣ್ಣ ಸಣ್ಣ ಗುಂಡುಗಳನ್ನು ಬರೆದಳು. ದೋಣಿ ದಡಕ್ಕೆ ಬಂದ ಮೇಲೆ ತಾಂಡೇಲ, ಅಂದರೆ ದೋಣಿ ನಡೆಸುವ ಮುಖ್ಯಸ್ಥ, ಮರಳಿನ ಮೇಲೆ ಮೀನನ್ನು ಗುಪ್ಪೆ ಹಾಕುತ್ತಾನೆ. ಹೋದ ಆರು ಜನರಿಗೆ ಆರು ಗುಪ್ಪೆ. ದೋಣಿಗೆ ಒಂದು. ಬಲೆಗೆ ಒಂದು. ಕಡಲ ಕಡೆಯ ಮಕ್ಕಳೆಲ್ಲ ಇದರಲ್ಲಿ ಹೇಳುವುದೇನಿದೆ ಎಂಬಂತೆ ತಲೆಯಾಡಿಸಿದರು. ಗದ್ದೆ ಕಡೆಯವರು ದೋಣಿ ಮೀನು ತಿನ್ನುತ್ತದೆಯೇ ಎಂದು ಕಿಸಕ್ಕನೆ ನಕ್ಕರು. ಅದು ದೋಣಿಯ ಯಜಮಾನನಿಗೆ, ಬಲೆ ಕೊಟ್ಟವನಿಗೆ ಹೋಗುವ ಪಾಲು ಎಂದು ತಿಳಿದಾಗ ನನಗೂ ಒಂದು ಹೊಸ ವಿಷಯ ಸಿಕ್ಕಿತು.

"ಆತು. ಎಂಟಾಯಿತು. ಒಂಬತ್ತನೆಯದು ಯಾರದ್ದು?"

ಹುಡುಗಿ ಸೀಮೆಸುಣ್ಣವನ್ನು ಎರಡೂ ಕೈಯಲ್ಲಿ ಹಿಡಿದು ನಿಂತಳು. ಹಿಂದಿನ ಬೆಂಚಿನಿಂದ ಅವಳ ಗೆಳತಿ ಹೇಳಿದಳು, "ಅದು ಅವಳ ಅಪ್ಪಂದು ಟೀಚರ್. ಅವ್ರಿಗೆ ಕಾಲಿಗೆ ಪೆಟ್ಟಾಗಿದೆ ಅಲ್ದಾ? ದೋಣಿಗೆ ಹೋಗೂಕೆ ಆತಿಲ್ಲ. ಆದ್ರೂ ಪಾಲು ಇಡ್ತ್ರು."

ದೀಪಾವಳಿಯ ಆಸುಪಾಸಿನಲ್ಲಿ ದೋಣಿಯನ್ನು ದಡಕ್ಕೆ ಎಳೆಯುವಾಗ ಅದು ವಾಲಿ ಅವನ ಮೊಣಕಾಲಿನ ಕೆಳಗೆ ಮೂಳೆ ಮುರಿದಿತ್ತಂತೆ. ಉಡುಪಿ ಕಡೆಯ ಆಸ್ಪತ್ರೆಯಲ್ಲಿ ರಾಡು ಹಾಕಿ ಕಳಿಸಿದ್ದರು. ಅಂದಿನಿಂದ ಅವನಿಲ್ಲದ ದೋಣಿಯಲ್ಲಿ ಅವನ ಗುಪ್ಪೆ ಬೀಳುತ್ತಲೇ ಇತ್ತು. ದೋಣಿಯಲ್ಲಿ ಪೆಟ್ಟು ಮಾಡಿಕೊಂಡವನು ಎದ್ದು ಓಡಾಡುವ ತನಕ ಅವನ ಪಾಲು ನಿಲ್ಲಿಸಬಾರದು ಎನ್ನುವುದು ಅವರಲ್ಲಿ ನಡೆದುಬಂದ ಪದ್ಧತಿ. ಹಾಗಾಗಿ ಆ ಹುಡುಗಿಗೆ ಭಾಗಿಸಬೇಕಾದ ಸಂಖ್ಯೆ ಒಂಬತ್ತೇ. ಮರಳಿನ ಮೇಲೆ ಅವಳು ಕಣ್ಣಾರೆ ನೋಡಿದ್ದೂ ಒಂಬತ್ತೇ.

ಅವತ್ತು ನನಗೆ ಪಾಠ ಮಾಡುವ ಹುಮ್ಮಸ್ಸು ಬಂದುಬಿಟ್ಟಿತು. ಯಾವುದರಿಂದ ಭಾಗಿಸುತ್ತೀರಿ ಅನ್ನುವುದು ನೀವು ಏನನ್ನು ಕೇಳುತ್ತಿದ್ದೀರಿ ಅನ್ನುವುದರ ಮೇಲೆ ನಿಂತಿದೆ ಎಂದೆ. ಒಬ್ಬೊಬ್ಬ ಎಷ್ಟು ಹಿಡಿದ ಎಂದು ಕೇಳಿದರೆ ಆರು. ಒಂದೊಂದು ಪಾಲಿಗೆ ಎಷ್ಟು ಬಂತು ಎಂದು ಕೇಳಿದರೆ ಒಂಬತ್ತು. ಎಪ್ಪತ್ತೆರಡನ್ನು ಆರರಿಂದ ಭಾಗಿಸಿ ಹನ್ನೆರಡು ಬರೆದೆ, ಎಂಟರಿಂದ ಭಾಗಿಸಿ ಒಂಬತ್ತು ಬರೆದೆ, ಒಂಬತ್ತರಿಂದ ಭಾಗಿಸಿ ಎಂಟು ಬರೆದೆ. ಮೊತ್ತ ಅದೇ ಇದ್ದು ಪಾಲುಗಳು ಹೆಚ್ಚಾದರೆ ಸರಾಸರಿ ಇಳಿಯುತ್ತದೆ, ನೋಡಿ. ಪ್ರತಿ ಗುಪ್ಪೆಯಿಂದ ಒಂದೊಂದು ಬಂಗಡೆ ಬಂದು ಒಂಬತ್ತನೆಯ ಗುಪ್ಪೆ ಆಗಿದೆ. ದೋಣಿಯೂ ಒಂದು ಬಿಟ್ಟಿದೆ, ಬಲೆಯೂ ಒಂದು ಬಿಟ್ಟಿದೆ. ತರಗತಿ ಕಣ್ಣರಳಿಸಿ ಕೂತಿತ್ತು. ಹುಡುಗಿಯ ಪುಸ್ತಕದಲ್ಲಿದ್ದ ಕೆಂಪು ಸುತ್ತಿನ ಪಕ್ಕ ದೊಡ್ಡದಾಗಿ ಸರಿ ಗುರುತು ಹಾಕಿ ಕೊಟ್ಟೆ. ಇಷ್ಟು ಚೆನ್ನಾಗಿ ಸರಾಸರಿ ಕಲಿಸಿದ್ದು ಇದೇ ಮೊದಲು ಎಂದುಕೊಂಡು ಸಂಜೆ ಮನೆಗೆ ಹೋಗಿ ಎರಡು ಲೋಟ ಚಹಾ ಕುಡಿದೆ.

ಮರುದಿನ ಹುಡುಗಿ ಬರಲಿಲ್ಲ. ಅದರ ಮರುದಿನವೂ ಇಲ್ಲ. ಆಮೇಲೆ ಬಂದದ್ದು ಅವಳ ಅಮ್ಮ. ಮಾರಾಟ ಮುಗಿಸಿ ಬರುವ ದಾರಿಯಲ್ಲಿ ಖಾಲಿ ಬುಟ್ಟಿಯನ್ನು ಶಾಲೆಯ ಗೇಟಿನ ಹತ್ತಿರ ಇಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಸೀದಾ ನನ್ನ ತರಗತಿಯ ಬಾಗಿಲಿಗೆ ಬಂದು ನಿಂತಳು.

"ಅಕ್ಕೋರೇ, ಎಂತ ಲೆಕ್ಕ ಹೇಳಿಕೊಟ್ರಿ ನೀವು ನನ್ನ ಮಗಳಿಗೆ?"

ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ ಎನ್ನುತ್ತಾರಲ್ಲ, ಹಾಗಾಯಿತು ನನಗೆ. ನಾನೂ ದನಿ ಏರಿಸಿದೆ. ಲೆಕ್ಕ ಸರಿಯಾಗಿಯೇ ಇದೆ, ಬೇಕಾದರೆ ಯಾರನ್ನಾದರೂ ಕೇಳಿ ಎಂದೆ. ಆಫೀಸಿನ ಕಿಟಕಿಯಿಂದ ಹೆಡ್‌ಮಾಸ್ತರರು ಒಮ್ಮೆ ಇಣುಕಿ, ಇಬ್ಬರ ಮುಖ ನೋಡಿ, ತಲೆ ಒಳಗೆ ಎಳೆದುಕೊಂಡರು. ಸ್ವಲ್ಪ ಹೊತ್ತಿನ ಮೇಲೆ ಅವಳೇ ಮೆಟ್ಟಿಲ ಮೇಲೆ ಕುಸಿದು ಕೂತಳು. ಸಿಟ್ಟು ಹೋಗಿ ಅಳು ಬಂದಿತ್ತು.

ನಡೆದದ್ದು ಇಷ್ಟು. ಹುಡುಗಿ ಸರಿ ಗುರುತಿನ ಖುಷಿಯಲ್ಲಿ ಊಟಕ್ಕೆ ಕೂತಾಗ ಅಪ್ಪನಿಗೆ ಲೆಕ್ಕ ವಿವರಿಸಿದ್ದಳು. ಅಪ್ಪ, ಎಲ್ಲರ ಪಾಲಿನಿಂದ ಒಂದೊಂದು ಬಂಗಡೆ ತೆಗೆದು ನಮ್ಮ ಪಾಲು ಮಾಡುವುದು, ಗೊತ್ತುಂಟಾ ಎಂದಿದ್ದಳು. ಅವನಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಅದನ್ನು ಯಾರೂ ಅಂಕಿಯಲ್ಲಿ ಹೇಳಿರಲಿಲ್ಲ, ಅದೂ ಮಗಳ ಬಾಯಲ್ಲಿ, ಅದೂ ಆ ಬಂಗಡೆಯ ಸಾರು ಬಟ್ಟಲಲ್ಲಿ ಇರುವಾಗ. ಅವನು ಕೈ ತೊಳೆದುಕೊಂಡ. ಬೆಳಗ್ಗೆ ತಾಂಡೇಲನಿಗೆ ಹೇಳಿ ಕಳಿಸಿದ, ನಾಳೆಯಿಂದ ನನ್ನ ಗುಪ್ಪೆ ಹಾಕಬೇಡಿ ಎಂದು. ಆ ಗುಪ್ಪೆಯೇ ಹೆಂಡತಿಯ ಬುಟ್ಟಿಗೆ ಹೋಗಿ ಮನೆ ನಡೆಯುತ್ತಿತ್ತು. ಕೊಂಡು ಮಾರಿದ ಮೀನಿನಲ್ಲಿ ಉಳಿಯುವುದು ಪುಡಿಗಾಸು. ಇನ್ನೀಗ ಹುಡುಗಿಯನ್ನು ಕುಮಟಾದ ಗುರುತಿನವರೊಬ್ಬರ ಮನೆಗೆ ಮಗು ನೋಡಿಕೊಳ್ಳಲು ಕಳಿಸುವುದೆಂದು ಮಾತಾಗಿತ್ತು. ಯಾರೂ ಒತ್ತಾಯ ಮಾಡಿರಲಿಲ್ಲ, ಹೋಗುತ್ತೇನೆ ಎಂದವಳು ಹುಡುಗಿಯೇ.

"ಒಂಬತ್ತು ಮುಗಿಸಿ ಹತ್ತಕ್ಕೆ ಹೋಗೂ ಹೆಣ್ಣು, ಅಕ್ಕೋರೇ. ಒಮ್ಮೆ ಬಿಟ್ರೆ ಮತ್ತೆ ಶಾಲೆಗೆ ಬತ್ತದಾ?"

ಬರುವುದಿಲ್ಲ. ಅದು ನನಗೆ ಅವಳಿಗಿಂತ ಚೆನ್ನಾಗಿ ಗೊತ್ತಿತ್ತು. ಸ್ವಲ್ಪ ದಿನಕ್ಕೆಂದು ಹೋದ ಮಕ್ಕಳ ಹೆಸರಿನ ಮೇಲೆ ಗೆರೆ ಎಳೆದವಳು ನಾನೇ. ಆ ಹುಡುಗಿ ಹೋಗಬಾರದು ಎಂದು ನನಗೆ ಎಷ್ಟು ತೀವ್ರವಾಗಿ ಅನ್ನಿಸಿತೆಂದರೆ, ಉಳಿದ ಅವಧಿಯನ್ನು ವಿಜ್ಞಾನದ ಮೇಷ್ಟ್ರಿಗೆ ಒಪ್ಪಿಸಿ ಆ ಅಮ್ಮನ ಹಿಂದೆಯೇ ನಡೆದೆ.

ಮನೆಯ ಜಗಲಿಯಲ್ಲಿ ಅಪ್ಪ ಕಾಲು ಚಾಚಿ ಕೂತಿದ್ದ. ಪಕ್ಕದಲ್ಲಿ ಊರುಗೋಲು. ನಲವತ್ತು ದಾಟದ ಗಟ್ಟಿ ಆಳು. ಸುಮ್ಮನೆ ಕೂತಿರುವುದೇ ಅವನಿಗೆ ಶಿಕ್ಷೆ ಎಂದು ನೋಡಿದರೇ ತಿಳಿಯುತ್ತಿತ್ತು. ನನ್ನನ್ನು ಕಂಡು ಏಳಲು ಹೋದ, ಬೇಡ ಎಂದೆ.

"ಒಂದೇ ಮಾತು ಹೇಳಿ ಅಕ್ಕೋರೇ. ಅವಳು ಮಾಡಿದ ಲೆಕ್ಕ ಸರೀನಾ, ತಪ್ಪಾ?"

ತಪ್ಪು ಎಂದುಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತೋ ಏನೋ. ಆದರೆ ಗಣಿತದ ವಿಷಯದಲ್ಲಿ ಸುಳ್ಳು ಹೇಳಲು ನನ್ನ ನಾಲಿಗೆ ಹೊರಳುವುದಿಲ್ಲ. ಒಳಬಾಗಿಲಲ್ಲಿ ಹುಡುಗಿ ಬೇರೆ ನಿಂತಿದ್ದಳು.

"ಸರಿಯಾಗಿದೆ" ಎಂದೆ.

"ಹಂಗಾದ್ರೆ ಮುಗೀತು."

"ಮುಗಿಯಲಿಲ್ಲ" ಎಂದೆ. ಸಿಟ್ಟು ಬಂದಾಗಲೇ ನನ್ನ ತಲೆ ಸ್ವಲ್ಪ ಓಡುವುದು. "ಲೆಕ್ಕ ಸರಿ, ಅಂಕಿಅಂಶ ಸಾಲದು. ಒಂದು ದಿನದ ಮೀನು ಇಟ್ಟುಕೊಂಡು ಯಾರು ಕೊಟ್ಟರು, ಯಾರು ತಗೊಂಡರು ಎಂದು ತೀರ್ಮಾನ ಮಾಡಲಿಕ್ಕೆ ಬರುವುದಿಲ್ಲ. ಕೋಳಿ ಒಂದು ದಿನ ಮೊಟ್ಟೆ ಇಡದಿದ್ದರೆ ಅದನ್ನು ಹುಂಜ ಅಂತೀರಾ?"

ಒಳಗಿನಿಂದ ಹುಡುಗಿಯ ಅಮ್ಮ ನಕ್ಕದ್ದು ಕೇಳಿಸಿತು. ಅವನು ನಗಲಿಲ್ಲ. ನಾನು ಹುಡುಗಿಯ ಕಡೆ ತಿರುಗಿದೆ. ದೋಣಿಯ ಆರೂ ಜನರನ್ನು ಕೇಳಿಕೊಂಡು ಬಾ: ಅವರು ಯಾವಾಗಲಾದರೂ ಕಾಯಿಲೆಯಿಂದಲೋ ಪೆಟ್ಟಿನಿಂದಲೋ ದಡದಲ್ಲಿ ಉಳಿದದ್ದು ಉಂಟೇ, ಆಗ ಅವರ ಗುಪ್ಪೆ ಬಿತ್ತೇ, ಎಷ್ಟು ದಿನ, ಆ ದಿನಗಳಲ್ಲಿ ದೋಣಿಯಲ್ಲಿ ಯಾರ್‍ಯಾರು ಇದ್ದರು. ಎಲ್ಲ ಸೇರಿಸಿ ಸರಾಸರಿ ತೆಗೆ. ಇದು ಹೋಮ್‌ವರ್ಕ್. ಹೋಮ್‌ವರ್ಕ್ ಬಾಕಿ ಇಟ್ಟು ನನ್ನ ತರಗತಿಯಿಂದ ಯಾರೂ ಕುಮಟಾಕ್ಕೆ ಹೋಗುವಂತಿಲ್ಲ. ಇಷ್ಟು ಹೇಳಿ, ಕೊಟ್ಟ ಚಹಾ ಕುಡಿದು ಎದ್ದು ಬಂದೆ. ದಾರಿಯುದ್ದಕ್ಕೂ ಒಂದೇ ಯೋಚನೆ. ಆ ಆರು ಜನರಲ್ಲಿ ಯಾರೂ ಎಂದೂ ಕಾಯಿಲೆ ಬಿದ್ದಿರದಿದ್ದರೆ ನನ್ನ ವಾದವೆಲ್ಲ ನೀರಲ್ಲಿ ಹೋಮ.

ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಹುಡುಗಿ ಗೇಟಿನ ಹತ್ತಿರ ಕಾಯುತ್ತಿದ್ದಳು. ಯೂನಿಫಾರ್ಮು ಹಾಕಿರಲಿಲ್ಲ. ನನ್ನ ಮುಖ ನೋಡಿ, ಸೋತವಳಂತೆ ಹೇಳಿದಳು, "ಟೀಚರ್, ಸರಾಸರಿ ಬರೂದಿಲ್ಲ."

"ಎಂತಕ್ಕೆ?"

"ಯಾರಿಗೂ ದಿನ ನೆನಪಿಲ್ಲ."

ತಾಂಡೇಲ ಕಾಮಾಲೆಯಾಗಿ ಒಂದು ಋತುವಿಡೀ ಮಲಗಿದ್ದನಂತೆ. ಎಂಜಿನ್ ನೋಡಿಕೊಳ್ಳುವವನ ಕೈ ಮುರಿದಿತ್ತಂತೆ. ಇನ್ನೊಬ್ಬನಿಗೆ ಹೆಂಡತಿಯ ಹೆರಿಗೆ ಕಷ್ಟವಾಗಿ ಆಸ್ಪತ್ರೆಯಲ್ಲೇ ಇರಬೇಕಾಗಿ ಬಂದಿತ್ತಂತೆ. ಒಬ್ಬನನ್ನು ಬಿಟ್ಟು ಎಲ್ಲರಿಗೂ ಒಂದಲ್ಲ ಒಂದು ಸಲ ಕುಳಿತಲ್ಲೇ ಪಾಲು ಬಂದಿತ್ತು. ಆ ಒಬ್ಬ ಹೊಸಬ, ಹೋದ ವರ್ಷ ಮದುವೆಯಾದವನು. ಅವನು "ನಂಗೆ ಆ ಪಾಲು ಇನ್ನೂ ಬರ್ಲಿಲ್ಲ, ದೇವರು ತರಿಸೂದೂ ಬೇಡ" ಎಂದಿದ್ದನಂತೆ. ಎಲ್ಲರ ಕಾಯಿಲೆಯ ಕಾಲಕ್ಕೂ ದೋಣಿಯಲ್ಲಿ ಇದ್ದವನೆಂದರೆ ಹುಡುಗಿಯ ಅಪ್ಪ. ಆದರೆ ಎಷ್ಟು ದಿನ, ಎಷ್ಟು ಮೀನು ಎಂದು ಕೇಳಿದರೆ ಎಲ್ಲರೂ ತಲೆ ಕೆರೆದುಕೊಂಡರು. ಯಾರೂ ಎಣಿಸಿರಲಿಲ್ಲ.

ಅಂಕಿಗಳೇ ಇಲ್ಲದ ಹೋಮ್‌ವರ್ಕಿಗೆ ನಾನು ಪೂರ್ತಿ ಅಂಕ ಕೊಟ್ಟದ್ದು ಅದೊಂದೇ ಸಲ. "ಅಪ್ಪನಿಗೆ ಹೇಳಿದೆಯಾ?" ಎಂದೆ. ಹೇಳಿದ್ದಳು. ಅವನು ಇನ್ನೂ ಒಪ್ಪಿರಲಿಲ್ಲ. ಆದರೆ ಅವಳು ಮನೆಮನೆ ತಿರುಗಿ ಕೇಳಿದ್ದರಿಂದ ವಿಷಯ ತಾಂಡೇಲನ ಕಿವಿಗೂ ಸರಿಯಾಗಿ ಬಿದ್ದಿತ್ತು. ಇವತ್ತು ದೋಣಿ ಬರುವ ಹೊತ್ತಿಗೆ ಅಪ್ಪನನ್ನು ದಡಕ್ಕೆ ಕರೆತರಲು ಆಟೋ ಕಳಿಸಿದ್ದಾರೆ, ನೀವೂ ಬನ್ನಿ ಎಂದಳು. ಕರೆಯದಿದ್ದರೂ ನಾನು ಹೋಗುತ್ತಿದ್ದೆ.

ದೋಣಿ ಬಂದು ಮುಟ್ಟಿತ್ತು. ಅವಳ ಅಪ್ಪ ಮರಳಿನಲ್ಲಿ ಒಂದು ಪ್ಲಾಸ್ಟಿಕ್ ಕ್ರೇಟಿನ ಮೇಲೆ ಕೂತಿದ್ದ. ತಾಂಡೇಲ ಐವತ್ತರ ಕುಳ್ಳ ಮನುಷ್ಯ, ಗಂಟಲು ಮಾತ್ರ ಧ್ವನಿವರ್ಧಕ. ಬಲೆಯಿಂದ ಮೀನು ಬಿಡಿಸುತ್ತಲೇ ಅವನು ಊರಿಗೆಲ್ಲ ಕೇಳುವ ಹಾಗೆ ಬಯ್ಯುತ್ತಿದ್ದ.

"ನೀನು ಪಾಲು ಬೇಡ ಹೇಳಿದೆ. ಆತು. ಹಂಗಾದ್ರೆ ನಂಗೆ ಕಾಮಾಲೆ ಆದಾಗ ನಾ ತಿಂದದ್ದು ಎಂತ? ಭಿಕ್ಷೆಯಾ? ನೀ ತಗಳ್ಳೂದಿಲ್ಲ ಅಂದ್ರೆ ನಾ ತಿಂದದ್ದೆಲ್ಲ ವಾಪಸ್ ಕೊಡ್ಬೇಕಾತದೆ ಮಾರಾಯಾ. ಎಲ್ಲಿಂದ ಕೊಡ್ಲಿ? ಈ ಕೈ ಮುರಕೊಂಡವ ಎಲ್ಲಿಂದ ಕೊಡ್ತ?"

ಹುಡುಗಿಯ ಅಪ್ಪ ತಲೆ ತಗ್ಗಿಸಿಕೊಂಡಿದ್ದ. ಅಂಥ ಗಟ್ಟಿಮುಟ್ಟಾದ ಮನುಷ್ಯನ ಮುಖ ಹಾಗೆ ಮುದುಡಿದ್ದನ್ನು ನೋಡಲು ನನಗೆ ಸಂಕಟವಾಯಿತು. ತಾಂಡೇಲ ಬಂಗಡೆ ತುಂಬಿದ ಬುಟ್ಟಿಯನ್ನು ತಂದು ಅವನ ಎದುರು ಕುಕ್ಕಿದ. "ಕಾಲು ಮುರಿದದ್ದು, ಕೈಯಲ್ಲ. ಗುಪ್ಪೆ ಹಾಕು."

ಅವನು ಕ್ರೇಟಿನಿಂದ ಜಾರಿ, ಮುರಿದ ಕಾಲನ್ನು ಚಾಚಿಕೊಂಡೇ ಮರಳಿನ ಮೇಲೆ ಕೂತು ಹಾಕಲು ಶುರುಮಾಡಿದ. ಒಂದೊಂದೇ ಮೀನು, ಸುತ್ತಿನ ಮೇಲೆ ಸುತ್ತು. ಪುಸ್ತಕದಲ್ಲಿ ಒಂದು ಗೆರೆ ಎಳೆದು ನಾವು ಮುಗಿಸುವ ಭಾಗಾಕಾರ ಮರಳಿನ ಮೇಲೆ ನಿಧಾನವಾಗಿ ನಡೆಯುತ್ತಿತ್ತು. ಅವನ ಕೈ ಅಭ್ಯಾಸದಿಂದ ಚುರುಕಾಯಿತು, ಮುಖವೂ ಸ್ವಲ್ಪ ಸಡಿಲವಾಯಿತು. ಬುಟ್ಟಿ ಖಾಲಿಯಾದಾಗ ನಾನು ಎಣಿಸಿದೆ. ಗುಪ್ಪೆಗಳು ಎಂಟು. ತನ್ನದನ್ನು ಅವನು ಹಾಕಿರಲಿಲ್ಲ.

ಹುಡುಗಿ ನನ್ನ ಪಕ್ಕದಿಂದ ಹೊರಟು ಅಪ್ಪನ ಎದುರು ಹೋಗಿ ಕುಕ್ಕರಗಾಲಲ್ಲಿ ಕೂತಳು. ತರಗತಿಯಲ್ಲಿ ಬಾಯಿ ತೆರೆಯಲು ಒದ್ದಾಡುವವಳು ಎಲ್ಲರಿಗೂ ಕೇಳುವಂತೆ ಹೇಳಿದಳು, "ಅಪ್ಪಾ, ಭಾಗಿಸೂ ಸಂಖ್ಯೆ ತಪ್ಪಾತು."

ಅವನು ಮಗಳನ್ನೇ ನೋಡಿದ. ಆಮೇಲೆ ಕೈ ಚಾಚಿ ಮೊದಲ ಗುಪ್ಪೆಯಿಂದ ಒಂದು ಬಂಗಡೆ ತೆಗೆದು ತನ್ನ ಪಕ್ಕ ಇಟ್ಟ. ಎರಡನೆಯದರಿಂದ ಒಂದು. ದೋಣಿಯ ಪಾಲಿನಿಂದ ಒಂದು, ಬಲೆಯ ಪಾಲಿನಿಂದ ಒಂದು. ಹೊಸದಾಗಿ ಸೇರಿದವನ ಗುಪ್ಪೆಗೆ ಬಂದಾಗ ಅವನ ಕೈ ನಿಂತಿತು. ಇವನು ಯಾರಿಂದಲೂ ಇನ್ನೂ ಏನೂ ಪಡೆದಿಲ್ಲವಲ್ಲ. ಆ ಹೊಸಬ ಬಗ್ಗಿ, ತನ್ನ ಗುಪ್ಪೆಯಲ್ಲಿ ಹುಡುಕಿ, ಎಲ್ಲಕ್ಕಿಂತ ದಪ್ಪದ ಬಂಗಡೆ ಎತ್ತಿ ತಾನೇ ಅವನ ಪಕ್ಕ ಇಟ್ಟ. "ಲೆಕ್ಕ ಸಮ ಆಗ್ಬೇಕು ಅಲ್ದಾ ಅಕ್ಕೋರೇ?" ಎಂದು ನನ್ನ ಕಡೆ ನೋಡಿ ನಕ್ಕ. ನನಗೆ ಅಳು ಬಂದುಬಿಟ್ಟಿತ್ತು, ಅದನ್ನು ಮುಚ್ಚಿಕೊಳ್ಳುವ ಪ್ರಯತ್ನವನ್ನೂ ಮಾಡಲಿಲ್ಲ. ಸಮವಾಗುವ ತನಕ ಇನ್ನೊಂದು ಸುತ್ತು ತೆಗೆದರು. ಒಂಬತ್ತು ಗುಪ್ಪೆಗಳಾದವು.

ಹುಡುಗಿಯ ಅಮ್ಮ ಬಂದು ಬುಟ್ಟಿ ಒಡ್ಡಿದಳು. ಹುಡುಗಿ ಒಂಬತ್ತನೆಯ ಗುಪ್ಪೆಯನ್ನು ಎರಡೂ ಕೈಯಲ್ಲಿ ಬಾಚಿ ಅದಕ್ಕೆ ತುಂಬಿದಳು, ಕಡಲಿಗೆ ಇಳಿದು ಕೈ ತೊಳೆದುಕೊಂಡಳು, ಒದ್ದೆ ಕೈಯನ್ನು ಲಂಗಕ್ಕೆ ಒರೆಸುತ್ತ ನನ್ನ ಹತ್ತಿರ ಬಂದಳು.

"ಟೀಚರ್, ಸೋಮವಾರ ಎಂತ ಪಾಠ?"

"ಮಧ್ಯಾಂಕ" ಎಂದೆ.

"ಅದು ಕಷ್ಟವಾ?"

"ಬಂದು ನೋಡು" ಎಂದೆ. "ಬತ್ತೆ" ಎಂದಳು.